ಹಿಂದಿನ ಸೀಟು

"ಆ ಬೋರ್ಡಿನ ಮೇಲೆ ಏನು ಬರೆದಿದೆ, ಹೇಳು ನೋಡೋಣ," ಎಂದ ಗಂಡ, ಮುಂದಿನ ಸೀಟಿನಿಂದ.

ಬೆಳಿಗ್ಗೆಯಿಂದ ಇದೇ ಆಟ. ಹೆಂಡತಿ ಹಿಂದಿನ ಸೀಟಿನಿಂದ ಕತ್ತು ಹೊರಚಾಚಿದಳು. "ಇಲ್ಲಿ ಈಜಬಾರದು ಅಂತಿದೆ. ಯಾಕ್ರೀ, ನಿಮಗೆ ಓದೋಕೆ ಬರಲ್ವಾ?"

"ನಿನ್ನ ಬಾಯಲ್ಲಿ ಕೇಳೋಕೆ ಚಂದ."

ಚಂದವಂತೆ! ಮದುವೆಯಾಗಿ ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಈ ಚಂದ. ಗಂಡ ಬೆಣ್ಣೆ ಹಚ್ಚಲು ಶುರು ಮಾಡಿದನೆಂದರೆ ಒಳಗೆ ಏನೋ ಇದೆ ಎಂದೇ ಅರ್ಥ. ಅವಳು ಜೋರಾಗಿ ಪೆಡಲ್ ತುಳಿದಳು.

ಅದು ಇಬ್ಬರು ಕೂತು ತುಳಿಯುವ ಉದ್ದನೆಯ ಜೋಡಿ ಸೈಕಲ್. ಸೈಕಲ್ ಶಾಪಿನ ಗೆಳೆಯನ ಹತ್ತಿರ ಕೇಳಿ ತಂದಿದ್ದ. "ಸಮುದ್ರದ ದಾರಿಯಲ್ಲಿ ಒಂದು ದಿನ ಸುತ್ತಾಡಿ ಬರೋಣ" ಎಂದಿದ್ದ. ಹಿಂದೆ ಕೂತವರ ಹ್ಯಾಂಡಲ್ ತಿರುಗುವುದಿಲ್ಲ, ಬ್ರೇಕೂ ಇಲ್ಲ, ಎದುರಿಗೆ ಮುಂದಿನವನ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸಂಸಾರದಲ್ಲೂ ಇದೇ ತಾನೇ ಎಂದು ಹೊರಡುವಾಗ ಅವಳಿಗೆ ನಗು ಬಂದಿತ್ತು. ಈಗ ಆ ನಗುವೂ ಇರಲಿಲ್ಲ. ಆಕಾಶವೂ ಹಾಗೇ ಇತ್ತು. ಒಂದು ಗಳಿಗೆ ಬಿಸಿಲು, ಮರುಗಳಿಗೆಗೆ ಮುಖಕ್ಕೆ ರಾಚುವ ಹನಿ, ಅದು ನಿಂತಿತೆನ್ನುವಷ್ಟರಲ್ಲಿ ಸೀರೆ ಹಾರಿಸುವ ಗಾಳಿ.

ಅವನು ಬಸ್ ಡ್ರೈವರ್, ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಹೋದ ವಾರ ಅಳತೆ ಕೊಡಲು ಬಂದ ಕಂಡಕ್ಟರನ ಹೆಂಡತಿ, "ನಿಮ್ಮನೆಯವ್ರಿಗೆ ಹುಷಾರಾಯ್ತಾ? ಡ್ಯೂಟಿಗೇ ಬರ್ತಿಲ್ವಂತಲ್ಲ" ಎಂದಿದ್ದಳು. ಟೇಪು ಹಿಡಿದ ಕೈ ಅಲ್ಲೇ ನಿಂತಿತ್ತು. ಡ್ಯೂಟಿಗೆ ಬರುತ್ತಿಲ್ಲವೇ? ದಿನಾ ಬೆಳಿಗ್ಗೆ ಖಾಕಿ ತೊಟ್ಟು, ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದನಲ್ಲ! ಡಬ್ಬಿಯೂ ಖಾಲಿಯಾಗಿಯೇ ವಾಪಸು ಬರುತ್ತಿತ್ತು. ಎಲ್ಲಿ ಕೂತು ಉಣ್ಣುತ್ತಿದ್ದ, ಯಾರ ಎದುರಿಗೆ?

ಅಲ್ಲಿಂದಾಚೆ ಅವಳಿಗೆ ಎಲ್ಲವೂ ಕಾಣತೊಡಗಿತು. ಮಾತಾಡುವಾಗ ಅವನು ಮುಖ ಕೊಡುತ್ತಿರಲಿಲ್ಲ. ಅವಳ ಕಿವಿಯ ಪಕ್ಕದ ಗೋಡೆ ನೋಡಿಕೊಂಡು ಉತ್ತರಿಸುತ್ತಿದ್ದ. ಮೊದಲೆಲ್ಲ ಸಂಜೆ ಅವಳ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವನು ಈಗ ಸೂಜಿ ಕಂಡರೆ ಎದ್ದು ಹೋಗುತ್ತಿದ್ದ. ಇವತ್ತು ಹೇಗಾದರೂ ಇವನ ಬಾಯಿ ಬಿಡಿಸಬೇಕು, ಬಿಡದಿದ್ದರೆ ನಾಳೆ ಅಣ್ಣನ ಮನೆಗೆ ಹೊರಡುವುದೇ ಸೈ. ಬಟ್ಟೆ ತುಂಬಿದ ಚೀಲ ಮಂಚದ ಕೆಳಗಿತ್ತು.

ಮಳೆ ಜೋರಾದಾಗ ದಾರಿ ಬದಿಯ ಟೀ ಅಂಗಡಿಯ ತಗಡಿನ ಕೆಳಗೆ ನಿಂತರು. ಒಲೆಯ ಹಿಂದಿದ್ದ ಅಂಗಡಿಯಾಕೆ ಇವನನ್ನು ನೋಡಿ ಬಾಯಿ ತುಂಬಾ ನಕ್ಕಳು. ಇವನು ಕಲ್ಲಿನ ಹಾಗೆ ನಿಂತಿದ್ದ. ಆಕೆ ಕೈ ಬೀಸಿದಳು. ಊಹೂಂ.

"ಏನು ಡ್ರೈವರಣ್ಣ, ಗುರುತೇ ಇಲ್ವಾ?"

ಅವನು ಬೆಚ್ಚಿಬಿದ್ದು, ಬೇಕಾದ್ದಕ್ಕಿಂತ ಜಾಸ್ತಿ ನಕ್ಕ. "ಓಹೋ, ನೀವಾ! ಎರಡು ಟೀ ಕೊಡಿ."

ಅಂಗಡಿಯಾಕೆ ಹಾಲು ತರಲು ಒಳಗೆ ಹೋದದ್ದೇ ತಡ, "ಯಾರವಳು?" ಎಂದಳು ಹೆಂಡತಿ.

"ನನ್ನ ಬಸ್ಸಲ್ಲಿ ಓಡಾಡ್ತಿದ್ರು."

"ಮತ್ತೆ ನೋಡಿಯೂ ನೋಡದ ಹಾಗೆ ಯಾಕೆ ನಿಂತಿದ್ರಿ?"

"ಕಾಣಲಿಲ್ಲ."

"ಮೂಗಿನ ಮುಂದೆ ನಿಂತಿದ್ಲು! ಯಾರ ಕಿವಿ ಮೇಲೆ ಹೂ ಇಡ್ತೀರಿ?"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಟೀ ಬಂತು. ಗಟಗಟನೆ ಕುಡಿದು, ಮಳೆ ಪೂರ್ತಿ ನಿಲ್ಲುವ ಮೊದಲೇ ಸೈಕಲ್ಲಿನತ್ತ ನಡೆದ. ಅವನ ಜೇಬಿನಲ್ಲಿ ಸ್ಪ್ಯಾನರ್ ಟಿಣ್ ಎಂದಿತು. ಬೆಳಿಗ್ಗೆ ಅದೇಕೆ ಎಂದು ಕೇಳಿದ್ದಕ್ಕೆ "ಬೇಕಾಗತ್ತೆ" ಎಂದಷ್ಟೇ ಹೇಳಿದ್ದ.

ಇಬ್ಬರೂ ಮತ್ತೆ ಹತ್ತಿ ತುಳಿದರು. ಗಾಳಿಗೆ ಎದುರಾಗಿ ಸೈಕಲ್ ತೆವಳುತ್ತಿತ್ತು. ದಾರಿ ತಿರುಗಿ ಸಮುದ್ರದ ಅಂಚಿಗೇ ಬಂದಾಗ, ಅವನ ಬೆನ್ನು ನೋಡಿ ಬೇಸತ್ತ ಅವಳು ಪಕ್ಕಕ್ಕೆ ಬಾಗಿದಳು. ಮುಂದೆ ಅಲೆ ಹೊಡೆದು ಅರ್ಧ ರಸ್ತೆ ಕುಸಿದಿತ್ತು. ನಡುವೆ ಒಂದು ಕೋಲು, ಅದಕ್ಕೆ ಕಟ್ಟಿದ ಕೆಂಪು ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವನು ನೇರ ಅದಕ್ಕೇ ಗುರಿಯಿಟ್ಟವನಂತೆ ತುಳಿಯುತ್ತಿದ್ದ.

ಅವಳ ಕೈ ಬ್ರೇಕಿಗಾಗಿ ತಡಕಾಡಿತು. ಎಲ್ಲಿದೆ ಬ್ರೇಕು! "ರೀ, ನಿಲ್ಸಿ! ನಿಲ್ಸಿ ಅಂದ್ನಲ್ಲ!"

ಸೈಕಲ್ ಜಾರಿತು. ಇಬ್ಬರೂ ಕೆಸರಿನಲ್ಲಿ ಬಿದ್ದರು. ಮುಂದಿನ ಚಕ್ರ ಕೋಲಿಗೆ ತಾಗಿ ನಿಂತಿತ್ತು, ಅದರಾಚೆ ಕೆಳಗೆ ನೀರು ಕುದಿಯುತ್ತಿತ್ತು.

"ಕೆಂಪು ಬಟ್ಟೆ ಕಾಣಲಿಲ್ವೇನ್ರೀ?"

"ಇಲ್ಲ ಕಣೇ," ಎಂದ. ಕೂತಲ್ಲಿಂದ ಏಳಲಿಲ್ಲ. "ಎದುರಿಗೆ ಇರೋದು ಕಾಣಲ್ಲ. ನೇರ ನೋಡಿದ್ರೆ ನಡುವೆ ಮಸಿ ಬಳಿದ ಹಾಗೆ. ಪಕ್ಕದ್ದು ಕಾಣತ್ತೆ. ವಾಸಿ ಆಗಲ್ಲ ಅಂದ್ರು ಡಾಕ್ಟ್ರು."

ಅವಳು ಬಾಯಿಗೆ ಕೈ ಇಟ್ಟುಕೊಂಡಳು. "ಬಸ್ಸು?"

"ಬಸ್ ಕೊಡಬೇಡಿ ಅಂತ ಡಿಪೋದಲ್ಲಿ ನಾನೇ ಹೇಳ್ದೆ. ಅವ್ರಿಗೆ ಹೇಳೋಕೆ ಆಯ್ತು. ನಿಂಗೆ ಹೇಳೋಕೆ ಆಗ್ಲಿಲ್ಲ."

"ಮತ್ತೆ ಡಬ್ಬಿ?"

"ಆಸ್ಪತ್ರೆ ಬೆಂಚಿನ ಮೇಲೆ. ಇಲ್ಲಾಂದ್ರೆ ಸೈಕಲ್ ಶಾಪಲ್ಲಿ."

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಇಬ್ಬರನ್ನೂ ಸಮುದ್ರಕ್ಕೆ ಹಾಕುತ್ತಿದ್ದೆಯಲ್ಲ ಮಹಾರಾಯ ಎಂದು ಅವನ ಭುಜಕ್ಕೆ ಗುದ್ದಿದಳು. ಎಷ್ಟು ದಿನದಿಂದ ಇಲ್ಲದ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿ ಕೂರಿಸಿಕೊಂಡು ಜಗಳವಾಡಿದ್ದಳು. ಈಗ ಆ ಹೆಂಗಸೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು.

"ಅರ್ಧ ದಾರೀಲಿ ಹೇಳಿ ನಿನ್ನನ್ನ ಮುಂದೆ ಕೂರಿಸ್ಬೇಕು ಅಂದ್ಕೊಂಡಿದ್ದೆ," ಎಂದು ಅವನು ಜೇಬಿನಿಂದ ಸ್ಪ್ಯಾನರ್ ತೆಗೆದ. "ಟೀ ಅಂಗಡೀಲೂ ಬಾಯಿ ಬರಲಿಲ್ಲ."

ಸೈಕಲ್ ಎತ್ತಿ ನಿಲ್ಲಿಸಿ, ಮುಂದಿನ ಸೀಟಿನ ನಟ್ಟನ್ನು ಬೆರಳಿನಿಂದಲೇ ಹುಡುಕಿ ಸಡಿಲಿಸಿದ. ಸೀಟನ್ನು ಅವಳ ಎತ್ತರಕ್ಕೆ ಇಳಿಸಿದ. ನೋಡದೆಯೂ ಅವಳ ಅಳತೆ ಸರಿಯಾಗಿಯೇ ಸಿಕ್ಕಿತು. ಅವಳು ಸೈಕಲ್ಲನ್ನು ಬಂದ ದಾರಿಗೆ ತಿರುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಳು. ಬ್ರೇಕನ್ನು ಒಮ್ಮೆ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದಳು. ಹಿಂದಿನ ಸೀಟು ಅವನ ಭಾರಕ್ಕೆ ಕಿರ್ರೆಂದಿತು.

ಅವಳು ಕತ್ತು ಹೊರಳಿಸಿದಳು. "ನಾನು ಕಾಣ್ತೀನಾ?"

ಅವನು ತಟ್ಟನೆ ಮುಖವನ್ನು ಸಮುದ್ರದ ಕಡೆಗೆ ತಿರುಗಿಸಿದ. ಅವಳ ಕಿವಿಯ ಪಕ್ಕದಲ್ಲಿ, ದೂರದಲ್ಲಿ, ಬಿಸಿಲು ಮತ್ತೆ ನೀರಿನ ಮೇಲೆ ಬಿದ್ದಿತ್ತು. ಅವನು ಆ ಕಡೆಗೇ ನೋಡುತ್ತಾ ಬಹಳ ಹೊತ್ತು ಕೂತ. ಅವಳು ಅಲುಗಾಡಲಿಲ್ಲ.

"ಕೆನ್ನೆ ಮೇಲೆ ಕೆಸರಾಗಿದೆ," ಎಂದ.