ವಿಜಯಾಗೆ ಬಿದ್ದ ಒಂದು ಮತ

ಇಂಗ್ಲೆಂಡಿನ ಶೆಫೀಲ್ಡ್‌ನ ಬ್ರೂಮ್‌ಹಿಲ್‌ನಲ್ಲಿರುವ ಡಾಕ್ಟರ್ ಪ್ರಭಾಕರ ಎಂದೂ ಯಾವ ತತ್ವವನ್ನೂ ವಿರೋಧಿಸಿದವರಲ್ಲ. ತತ್ವ ಮನೆಗೆ ಬಂದರೆ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಕೂತುಕೊಳ್ಳಿ ಎಂದು ಕುರ್ಚಿ ಎಳೆಯುವುದು ಮಾತ್ರ ಕೊಂಚ ತಡ. ಅವರ ದುರದೃಷ್ಟ, ಈ ಸಲ ತತ್ವ ಹೊರಗಿನಿಂದ ಬರಲಿಲ್ಲ. ಅವರ ಹೆಂಡತಿ ವಿಜಯಾರ ರೂಪದಲ್ಲಿ ಮನೆಯೊಳಗೇ ಇತ್ತು.

ಸುತ್ತಲಿನ ಊರುಗಳ ಕನ್ನಡಿಗರು ಸೇರುವ ಪೆನೈನ್ ಕನ್ನಡ ಬಳಗಕ್ಕೆ ಏಳು ವರ್ಷಗಳಿಂದ ಸ್ಕಂದ ಎಂಬುವವರೇ ಅಧ್ಯಕ್ಷರು. ಅವರ ಭಾಷಣ ಮುಗಿಯುವಷ್ಟರಲ್ಲಿ ಸಾರು ತಣ್ಣಗಾಗಿ, ಮಕ್ಕಳು ನಿದ್ದೆಹೋಗಿ, ಬಾಡಿಗೆಗೆ ಕೊಟ್ಟ ಚರ್ಚ್ ಹಾಲಿನವರು ಬೀಗದಕೈ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಅವರನ್ನು ಇಳಿಸಬೇಕೆಂದು ಎಲ್ಲರಿಗೂ ಆಸೆ. ಆದರೆ ಪ್ರತಿ ಸಲವೂ ವಿರೋಧಿಗಳು ಇಬ್ಬರು ಮೂವರು ನಿಂತು, ಮತ ಹಂಚಿಹೋಗಿ, ಸ್ಕಂದ ಮತ್ತೆ ಮೈಕು ಹಿಡಿಯುತ್ತಿದ್ದರು. ಈ ಸಲ ಹಾಗಾಗಬಾರದು, ಮೊದಲೇ ನಮ್ಮಲ್ಲೇ ಒಬ್ಬರನ್ನು ಆರಿಸಿಕೊಳ್ಳೋಣ ಎಂದು ಆರು ಮಂದಿ ಸ್ಟಾಕ್‌ಪೋರ್ಟ್‌ನ ಮಹಾದೇವಿಯ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಸೇರಿದರು.

ಕಣದಲ್ಲಿದ್ದವರು ಇಬ್ಬರು. ಒಬ್ಬರು ವಿಜಯಾ, ಜಿಪಿ ಡಾಕ್ಟರು, ಒಂದು ಮಾತನ್ನು ಎರಡು ಥರ ಹೇಳಲು ಬಾರದವರು. ಅವರ ಪ್ರಣಾಳಿಕೆಯಲ್ಲಿ ಇದ್ದದ್ದು ಒಂದೇ ಅಂಶ: ಬಳಗದ ಹಬ್ಬಗಳಲ್ಲಿ ಗಂಡಸರು ಹಾಲಿನಲ್ಲಿ ಭಾಷಣ ಕೇಳುವಾಗ ಹೆಂಗಸರು ಅಡುಗೆಮನೆಯಲ್ಲಿ ಬೇಯುವುದು ನಿಲ್ಲಬೇಕು. ಬಡಿಸುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ರೋಟಾ, ಅಂದರೆ ಸರದಿ ಪಟ್ಟಿ, ಹಾಕಬೇಕು, ಅದರಲ್ಲಿ ಗಂಡಸರ ಹೆಸರೂ ಇರಬೇಕು. ಆಸ್ಪತ್ರೆಯ ರೋಟಾಕ್ಕೆ ತಲೆಬಾಗಿಯೇ ಕೂದಲು ನರೆಸಿಕೊಂಡ ಡಾಕ್ಟರುಗಳಿಗೆ ಈ ರೋಟಾ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಇನ್ನೊಬ್ಬರು ಇಂದುಶೇಖರ. ಎಕ್ಸ್-ರೇ ನೋಡುವ ಡಾಕ್ಟರು, ಕಾರ್ಯಕ್ರಮ ನಿರೂಪಣೆಯಲ್ಲಿ ಎತ್ತಿದ ಕೈ, ಕೇಳಿದವರಿಗೆ ಇನ್ನಷ್ಟು ಕೇಳಬೇಕೆನಿಸುವ ಕಂಠ. ರೋಟಾ ಬಗ್ಗೆ ಕೇಳಿದರೆ, "ಎಲ್ಲರ ಅಭಿಪ್ರಾಯ ತಗೊಂಡು ಮುಂದುವರಿಯೋಣ" ಎನ್ನುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥವರನ್ನು ಸೋಲಿಸುವುದು ಯಾರಿಗೂ ಕಷ್ಟ.

ಪ್ರಭಾಕರ ಹೆಂಡತಿಗೆ ಬುದ್ಧಿ ಹೇಳದೆ ಇರಲಿಲ್ಲ. "ರೋಟಾ ವಿಷಯ ಈಗ ಎತ್ತಬೇಡ. ಮೊದ್ಲು ಗೆಲ್ಲು, ಆಮೇಲೆ ಮೆಲ್ಲಗೆ ಹೇಳು."

"ಗೆದ್ದ ಮೇಲೆ ಹೇಳಿದ್ರೆ ಅದು ಮೋಸ ಅಲ್ವೇನ್ರೀ?" ಎಂದಿದ್ದರು ವಿಜಯಾ. ಕ್ಲಿನಿಕ್ ಮುಗಿಸಿ, ಸಂಜೆಹೊತ್ತು ಲೀಡ್ಸ್‌ಗೆ, ಹಡರ್ಸ್‌ಫೀಲ್ಡ್‌ಗೆ ಕಾರು ಓಡಿಸಿಕೊಂಡು ಹೋಗಿ ಅದನ್ನೇ ಹೇಳಿ ಬಂದಿದ್ದರು. ಗಂಡ ಮನೆಯಲ್ಲಿ ಕೂತು ಅವರ ಧೈರ್ಯವನ್ನು ಮೆಚ್ಚುತ್ತಿದ್ದರು. ಮನೆಯಲ್ಲಿ ಡಿಶ್‌ವಾಷರ್ ಇತ್ತು; ಅದರ ಬಾಗಿಲು ಮೇಲಕ್ಕೆ ತೆರೆಯುತ್ತದೋ ಕೆಳಕ್ಕೋ ಎಂಬುದು ಮಾತ್ರ ಅವರಿಗೆ ಅಷ್ಟು ಖಚಿತವಿರಲಿಲ್ಲ.

ಮಹಾದೇವಿಯ ಮನೆಯಲ್ಲಿ ಚರ್ಚೆ ಬಿಸಿಬಿಸಿಯಾಗಿ ನಡೆಯಿತು. ರೋಟಾ ಬೇಕೇ ಬೇಡವೇ ಎಂದು ಮಾತಾಡುವಷ್ಟೂ ಹೊತ್ತು ಮಹಾದೇವಿ ಅಡುಗೆಮನೆಯಲ್ಲಿ ಮದ್ದೂರು ವಡೆ ಕರಿಯುತ್ತಿದ್ದರು, ಹಡರ್ಸ್‌ಫೀಲ್ಡ್‌ನ ಇಂಜಿನಿಯರ್ ಖದೀಜಾ ಅದನ್ನು ತಟ್ಟೆಗೆ ಹಾಕಿ ತರುತ್ತಿದ್ದಳು. ಗಂಡಸರು ತಿನ್ನುತ್ತ ವಿಚಾರ ಮಾಡಿದರು.

"ತತ್ವ ಖರೇ ಐತ್ರೀ," ಎಂದರು ಲೀಡ್ಸ್‌ನಲ್ಲಿರುವ ಧಾರವಾಡದ ಕಡೆಯ ಹಲ್ಲಿನ ಡಾಕ್ಟರು ಈಶ್ವರಪ್ಪ. "ಆದ್ರ ನಮ್ಮ ಮಂದಿ ಓಟ್ ಹಾಕಂಗಿಲ್ಲ. ನನಗೇನೂ ತಕರಾರಿಲ್ಲ ಮತ್ತ. ಮಂದಿ!"

"ತಾತ್ವಿಕವಾಗಿ ನಾನೂ ಒಪ್ತೀನಿ," ಎಂದರು ಪ್ರಭಾಕರ. "ಮಹಾದೇವಿ, ಇನ್ನೊಂದು ಲೋಟ ಕಾಫಿ ಇದೆಯೇನಮ್ಮಾ?"

ಕೊನೆಗೆ ಗುಟ್ಟಿನ ಮತದಾನ ಎಂದಾಯಿತು. ಆರು ಚೀಟಿ, ಆರು ಪೆನ್ನು, ಒಂದು ಸ್ಟೀಲು ಡಬ್ಬಿ. ಪ್ರಭಾಕರ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಲೆಕ್ಕ ಹಾಕಿದರು. ಈಶ್ವರಪ್ಪ ಹಾಕುವುದಿಲ್ಲ ಎಂದಾಯಿತು. ಇನ್ನು ಉಳಿದವರು? ಅವರೂ ಗೆಲ್ಲುವವರನ್ನೇ ನೋಡುತ್ತಾರೆ. ತಾನೊಬ್ಬ ಹಾಕಿ ಏನು ಪ್ರಯೋಜನ? ಇಲ್ಲಿ ಗೆದ್ದರೂ ಮುಂದೆ ಸ್ಕಂದನ ಎದುರು ಸೋತು ಪಾಪ ಅವಳೇ ನೊಂದುಕೊಳ್ಳುತ್ತಾಳೆ. ಹೇಗೂ ತನ್ನ ಹೆಸರನ್ನು ತಾನು ಬರೆದುಕೊಂಡಿರುತ್ತಾಳೆ, ಸೊನ್ನೆಯಂತೂ ಆಗುವುದಿಲ್ಲ. ಹೀಗೆ ಹೆಂಡತಿಯ ಹಿತವನ್ನೇ ಯೋಚಿಸಿ ಯೋಚಿಸಿ, ಅವರು ಗೆದ್ದೆತ್ತಿನ ಬಾಲ ಹಿಡಿದರು. 'ಇಂದುಶೇಖರ' ಎಂದು ಬರೆದು ನಾಲ್ಕು ಮಡಿಕೆ ಮಡಿಸಿ ಡಬ್ಬಿಗೆ ಹಾಕಿದರು.

ಖದೀಜಾ ಚೀಟಿಗಳನ್ನು ಬಿಡಿಸಿ ಓದಿದಳು. ಇಂದುಶೇಖರ, ಇಂದುಶೇಖರ, ವಿಜಯಾ, ಆಮೇಲೆ ಉಳಿದದ್ದೆಲ್ಲ ಇಂದುಶೇಖರ. ಐದಕ್ಕೆ ಒಂದು.

ಪ್ರಭಾಕರ ಅಂಜುತ್ತಲೇ ಹೆಂಡತಿಯ ಮುಖ ನೋಡಿದರು. ವಿಜಯಾ ನಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ನೋಡಿದ್ದ ನಗು.

"ಒಂದು ಬಂತಲ್ಲ, ಸಾಕು ಬಿಡಿ," ಎಂದರು ವಿಜಯಾ. "ನನ್ನ ಹೆಸರು ನಾನೇ ಬರ್ಕೊಳೋಕೆ ಮನಸ್ಸು ಬರ್ಲಿಲ್ಲ, ಇಂದುಶೇಖರ ಅವರಿಗೇ ಹಾಕಿದೆ. ಆ ಒಂದು ಯಾರದ್ದು ಅಂತ ನಂಗೆ ಗೊತ್ತು." ಎದ್ದು ಬಂದು, ಎಲ್ಲರ ಎದುರೇ, ಗಂಡನ ತಟ್ಟೆಗೆ ತಮ್ಮ ಕೈಯಾರೆ ಒಂದು ವಡೆ ಹಾಕಿದರು.

ಅಲ್ಲ ಎನ್ನಲು ಅದೇ ಸರಿಯಾದ ಸಮಯವಾಗಿತ್ತು. ಪ್ರಭಾಕರ ಬಾಯಿ ತೆರೆದರು. ತೆರೆದ ಬಾಯಿಗೆ ವಡೆ ಇಟ್ಟುಕೊಂಡರು.

ಅಷ್ಟರಲ್ಲಿ ಇಂದುಶೇಖರ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ತಮ್ಮ ಕಂಠಕ್ಕೆ ತಾವೇ ಮರುಳಾಗಿ ಧನ್ಯವಾದ ಹೇಳತೊಡಗಿದರು. "ಸ್ನೇಹಿತರೇ, ನನ್ನ ಸಂಸ್ಕಾರವೂ ಅದೇ. ನಮ್ಮ ಹೆಸರು ನಾವೇ ಬರೆದುಕೊಳ್ಳಬಾರದು ಅಂತ ನಮ್ಮ ತಾಯಿ ಹೇಳ್ತಿದ್ರು. ಆದ್ದರಿಂದ ನನ್ನ ಅಮೂಲ್ಯ ಮತವನ್ನು ನಾನು ವಿಜಯಾ ಮೇಡಂ ಅವರಿಗೇ ಕೊಟ್ಟೆ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಭಾಕರರ ಬಾಯಲ್ಲಿದ್ದ ವಡೆ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ವಿಜಯಾ ಒಂದು ಗಳಿಗೆ ಗಂಡನನ್ನೇ ನೋಡಿ, ಆಮೇಲೆ ಕಿಟಕಿಯ ಕಡೆ ತಿರುಗಿದರು.

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನದಿದ್ದರೂ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡರು. "ನಂಗೆ ನಿಜವಾಗ್ಲೂ ನೀವೇ ಬೇಕಿತ್ತು ವಿಜಯಕ್ಕಾ," ಎಂದಳು ಖದೀಜಾ. "ಆದ್ರೆ ಬೇರೆಯವರು ಹಾಕಲ್ಲ ಅಂದ್ಕೊಂಡೆ." ಎಣ್ಣೆಕೈ ಒರೆಸಿಕೊಳ್ಳುತ್ತ ಮಹಾದೇವಿ, "ನಾನೂ ಅಷ್ಟೇ ಕಣ್ರೀ" ಎಂದರು. ಈಶ್ವರಪ್ಪ ಮೇಲಕ್ಕೆ ನೋಡುತ್ತ, "ನಮಗೂ ಬೇಕಾಗಿತ್ರೀ, ಆದ್ರ ಮಂದಿ..." ಎಂದರು.

"ಯಾವ ಮಂದಿ?" ಎಂದು ವಿಜಯಾ ಶಾಂತವಾಗಿ ಕೇಳಿದರು. ಈಶ್ವರಪ್ಪ ಬಾಗಿಲ ಕಡೆ ಕೈ ತೋರಿಸಿದರು. ಅಲ್ಲಿ ಚಪ್ಪಲಿಗಳು ಮಾತ್ರ ಇದ್ದವು, ಅವೂ ಇವರದ್ದೇ.

ಮತ್ತೊಮ್ಮೆ ಚೀಟಿ ಹಾಕೋಣ ಎಂದಳು ಖದೀಜಾ. ವಿಜಯಾ ಒಪ್ಪಲಿಲ್ಲ. ಫಲಿತಾಂಶ ಇಷ್ಟವಾಗಲಿಲ್ಲ ಎಂದು ಮತ್ತೆ ಚುನಾವಣೆ ನಡೆಸುವುದು ತಪ್ಪು ಎಂದರು. ಆ ಹೊತ್ತಿನಲ್ಲೂ ತತ್ವ! ಇಂದುಶೇಖರ ಅವರಿಗೆ ಶುಭಾಶಯ ಹೇಳಿ ಕೋಟು ಹಾಕಿಕೊಂಡರು.

ಕಾರು ವಿಜಯಾರೇ ಓಡಿಸುತ್ತಿದ್ದರು. ಗ್ಲಾಸಪ್ ದಾಟಿ ಗುಡ್ಡದ ರಸ್ತೆ ಹಿಡಿದರು. ತಿರುವುಗಳಲ್ಲಿ ಕುರಿಗಳು ಇವರ ಕಾರನ್ನು ನೋಡಿ, ತಮಗೆ ಸಂಬಂಧವಿಲ್ಲವೆಂದು ಮೇಯತೊಡಗಿದವು. ಪ್ರಭಾಕರರಿಗೆ ಕುರಿಗಳ ಮೇಲೆ ಅಸೂಯೆಯಾಯಿತು.

"ನಾನು ಗೆಲ್ಲಲ್ಲ ಅಂತ ನಂಗೂ ಗೊತ್ತಿತ್ತು ಕಣ್ರೀ," ಎಂದರು ವಿಜಯಾ.

"ಅದೇ ಅಲ್ವಾ ನಾನೂ ಯೋಚ್ನೆ ಮಾಡಿದ್ದು! ಜನ ಒಪ್ಪಲ್ಲ, ಆಮೇಲೆ ನೀನು ನೊಂದ್ಕೋತೀಯ ಅಂತ..."

"ಜನ ಇರ್ಲಿ. ರೋಟಾ ನಿಮಗೆ ಒಪ್ಪಿಗೆ ಇತ್ತಾ?"

"ತಾತ್ವಿಕವಾಗಿ..."

"ತಾತ್ವಿಕವಾಗಿ ಪಾತ್ರೆ ತೊಳೆಯೋಕೆ ಆಗಲ್ಲ."

ಪ್ರಭಾಕರ ಆ ಜನರನ್ನು ಕಣ್ಣಮುಂದೆ ತಂದುಕೊಳ್ಳಲು ನೋಡಿದರು. ರೋಟಾ ಬೇಡವೆನ್ನುವ, ವಿಜಯಾಗೆ ಮತ ಹಾಕದ ಜನ. ಎಷ್ಟು ನೋಡಿದರೂ ಒಂದೇ ಮುಖ ಬರುತ್ತಿತ್ತು. ಕನ್ನಡಕ ಹಾಕಿಕೊಂಡು, ಚರ್ಚ್ ಹಾಲಿನ ಸಿಂಕಿನ ಎದುರು ತೋಳು ಮಡಿಸಿ, ದೊಡ್ಡ ಸಾಂಬಾರು ಪಾತ್ರೆಯೊಳಗೆ ಅರ್ಧ ಇಳಿದು, ಯಾರಾದರೂ ನೋಡಿಯಾರೆಂದು ಹೆದರುತ್ತಿದ್ದ ತಮ್ಮದೇ ಮುಖ. ಅವರಿಗೆ ತುಂಬ ನಾಚಿಕೆಯಾಯಿತು.

"ಇರ್ಲಿಲ್ಲ," ಎಂದರು. "ಒಪ್ಪಿಗೆ ಇರ್ಲಿಲ್ಲ. ಅಲ್ಲಿ ನಿಂತು ಪಾತ್ರೆ ಉಜ್ಜೋದು ನೆನೆಸ್ಕೊಂಡ್ರೇ ಒಂಥರಾ ಆಗ್ತಿತ್ತು. ನಿನಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಜನಾನ ಅಡ್ಡ ಇಟ್ಕೊಂಡೆ."

ವಿಜಯಾ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಗೇರು ಬದಲಿಸಿ, ರಸ್ತೆಯನ್ನೇ ನೋಡುತ್ತ ಹೇಳಿದರು: "ಇದನ್ನ ಮೊದ್ಲೇ ಹೇಳಿದ್ರೆ ನಿಮ್ಮ ಹತ್ರಾನೂ ಬಂದು ಕೂತು ವೋಟು ಕೇಳ್ತಿದ್ದೆ. ಲೀಡ್ಸ್‌ಗೆ ಹೋಗಿ ಕೇಳ್ದೆ, ಹಡರ್ಸ್‌ಫೀಲ್ಡ್‌ಗೆ ಹೋಗಿ ಕೇಳ್ದೆ. ನಿಮ್ಮದು ಇದ್ದೇ ಇದೆ ಅಂತ ಮನೇಲಿ ಕೇಳ್ಲೇ ಇಲ್ಲ."

ಪ್ರಭಾಕರ ಸೀಟಿನಲ್ಲೇ ಹೆಂಡತಿಯ ಕಡೆ ತಿರುಗಿದರು. "ಈಗ ಕೇಳು," ಎಂದರು.

"ಈಗ್ಯಾಕೆ," ಎಂದರು ವಿಜಯಾ. "ಎಣಿಕೆ ಮುಗೀತಲ್ಲ."