ತಾರೀಖು ಮುಗಿದ ರೀಲು

"ಏನೂ ಬಂದಿಲ್ಲಪಾ," ಎಂದ ಖಾದರಬಾಷಾ. ಹಸಿ ರೀಲನ್ನು ತನ್ನ ಫೋಟೋ ಸ್ಟುಡಿಯೋದ ಬಾಗಿಲಲ್ಲಿ ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ಕಣ್ಣಾಡಿಸಿದ. "ಎಲ್ಲಾ ಮಬ್ಬ ಹೊಡದೈತಿ. ಇಲ್ನೋಡು, ಇದೊಂದರಾಗ ಪಟಕಾದ ಗೆರಿ ಕಾಣತೈತಿ. ಮಾರಿ ಇಲ್ಲ."

ಹುಲ್ಲಪ್ಪ ರೀಲನ್ನು ಕಸಿದುಕೊಂಡು ತಾನೇ ನೋಡಿದ. ಕಪ್ಪು ಕಪ್ಪಾದ ಪಟ್ಟಿಯಲ್ಲಿ ತಲೆಗೆ ಸುತ್ತಿದ ಬಟ್ಟೆಯ ಅಂಚು, ಕಂಬಳಿ ಹೊದ್ದ ಒಂದು ಹೆಗಲು. ನಡುವೆ ಮುಖವಿರಬೇಕಾದ ಕಡೆ ಬರೀ ಮಸಿ. ಅಪ್ಪನನ್ನು ಮಣ್ಣು ಮಾಡಿ ಬಂದ ಕೈಯಲ್ಲೇ ರೀಲು ತೊಳೆಸಲು ಕೊಟ್ಟಿದ್ದ. ಅಪ್ಪ ಮುತ್ತಪ್ಪನ ಮುಖ ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಇದರಲ್ಲೇ ಉಳಿದಿರಬೇಕಿತ್ತು.

"ತಾರೀಖು ಮುಗದೈತಿ ಅಂತ ಕೊಡೂ ಮುಂದನ ಹೇಳಿದ್ನೋ ಇಲ್ಲೋ?"

"ಹೇಳಿದ್ದಿ."

"ಮತ್ತ ನನ್ನ ಯಾಕ ನುಂಗೂಹಂಗ ನೋಡತಿ?"

ಖಾದರಬಾಷಾನ ಮಾತಿನಲ್ಲಿ ಸುಳ್ಳಿರಲಿಲ್ಲ. "ಇದೇನ ಔಷಧಿ ಏನಲೇ, ತಾರೀಖು ಮುಗದ್ರ ವಿಷ ಆಗಾಕ?" ಎಂದು ಅವತ್ತು ನಗಾಡಿ ರೀಲನ್ನು ಕಿಸೆಗೆ ಹಾಕಿಕೊಂಡವನು ಹುಲ್ಲಪ್ಪನೇ. ಯಾರಾದರೂ ಬೇಡ ಎಂದರೆ ಅದನ್ನೇ ಮಾಡಿ ತೋರಿಸುವ ಜಾಯಮಾನ ಅವನದು. ಇಳಕಲ್ಲಿನ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಆ ರೀಲು ಹಾಕಿದ ಕ್ಯಾಮೆರಾ ಸಿಕ್ಕಿದ್ದು ಬಾಗಲಕೋಟೆಯ ಗುಜರಿಯಲ್ಲಿ. ಬ್ರಿಟಿಷರ ಕಾಲದ ಜರ್ಮನ್ ಮಾಲು, ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮುಂದಕ್ಕೆ ಬಿಚ್ಚಿಕೊಳ್ಳುತ್ತಿತ್ತು. ತಿದಿಯ ತುಂಬ ತೂತು, ಗುಂಡಿ ಒತ್ತಿದರೆ ಕಣ್ಣು ತೆರೆಯುತ್ತಿರಲಿಲ್ಲ. ಹುಲ್ಲಪ್ಪ ಹರಿದ ಛತ್ರಿಯ ಬಟ್ಟೆ ಕತ್ತರಿಸಿ ತೂತಿಗೆಲ್ಲ ಅಂಟಿಸಿದ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಪೆಟ್ರೋಲಿನಲ್ಲಿ ತೊಳೆದ. ಚಳಿಗಾಲವೆಲ್ಲ ಗಿರಾಕಿಗಳ ರೇಡಿಯೋ ಮೂಲೆಯಲ್ಲಿ ಮೂಕವಾಗಿ ಬಿದ್ದಿದ್ದವು. ಕಡೆಗೊಂದು ದಿನ ಗುಂಡಿ ಒತ್ತಿದಾಗ ಟಿಕ್ ಎಂದಿತು. ಆ ಸದ್ದಿಗೆ ಅವನಿಗೆ ಆದ ಹಿಗ್ಗು ಮಗ ಹುಟ್ಟಿದಾಗಲೂ ಆಗಿರಲಿಲ್ಲ.

ಕಮತಗಿಯ ಮನೆಗೆ ತಂದು ತೋರಿಸಿದಾಗ ಅಣ್ಣ ಅಮಸಿದ್ದಪ್ಪ ಅದನ್ನು ಮುಟ್ಟಲೂ ಇಲ್ಲ. "ಸತ್ತ ಡಬ್ಬಿ ತಗೊಂಡ ಬಂದಾನ," ಎಂದು ಕುರಿ ಹೊಡೆದುಕೊಂಡು ಹೋದ. ಅಪ್ಪನ ಕುರಿ, ಅಪ್ಪನ ಕೆಮ್ಮು, ಅಪ್ಪನ ಬೈಗುಳ ಎಲ್ಲ ಅವನ ಪಾಲಿಗೆ. ಅಪ್ಪನ ಮುದ್ದು ಮಾತ್ರ ಸಾಲಿ ಕಲಿತು ಇಳಕಲ್ಲು ಸೇರಿದ ತಮ್ಮನಿಗೆ. ಜೀವಮಾನವಿಡೀ ಫೋಟೋ ಎಂದರೆ ಹಾರಿ ಬೀಳುತ್ತಿದ್ದ ಮುದುಕ, ಕಿರಿಮಗನ ಡಬ್ಬಿ ಎಂಬ ಒಂದೇ ಕಾರಣಕ್ಕೆ ಕೆಂಪು ಪಟಕ ಸುತ್ತಿ, ಹಣೆಗೆ ಬೀರಪ್ಪನ ಗುಡಿಯ ಅರಿಸಿನ ಭಂಡಾರ ಬಳಿದುಕೊಂಡು ಅಂಗಳದಲ್ಲಿ ಕೂತ. ಹುಲ್ಲಪ್ಪ ಇಡೀ ರೀಲನ್ನು ಅವನ ಮೇಲೆಯೇ ಖರ್ಚು ಮಾಡಿದ. ಅದನ್ನು ತೊಳೆಸುವ ಮೊದಲೇ ಮುದುಕ ತೀರಿಕೊಂಡ.

ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದಾಗ ಅಮಸಿದ್ದಪ್ಪ ಹುನಗುಂದದಿಂದ ಫೋಟೋದವನನ್ನು ಕರೆಸಲು ಸೈಕಲ್ಲು ಹೊರಡಿಸಿದ್ದ. ಅಡ್ಡ ನಿಂತವನು ಹುಲ್ಲಪ್ಪ. "ಸತ್ತ ಮಾರಿ ಯಾಕಣ್ಣಾ? ಜೀವಂತ ಮಾರೀನ ನನ್ನ ಕಡೆ ಐತಿ," ಎಂದಿದ್ದ, ಊರ ಮಂದಿಯೆಲ್ಲ ಕೇಳುವ ಹಾಗೆ.

ಈಗ ಆ ಮಸಿ ಬಳಿದ ರೀಲನ್ನು ಅಣ್ಣನ ಮುಂದೆ ಹಿಡಿಯಬೇಕಾಯಿತು. ಅಮಸಿದ್ದಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ, ಹುಲ್ಲಪ್ಪನ ಕಾಲ ಬಳಿ ಒಗೆದ.

"ಒಮ್ಮಿ ನಾವು ಮಣ್ಣ ಮಾಡಿದ್ವಿ. ಇನ್ನೊಮ್ಮಿ ನೀ ಮಾಡಿದಿ."

ಹುಲ್ಲಪ್ಪನಿಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಬೇಕೆಂದೇ ಬಾಯಿ ತೆರೆದ. ಆದರೆ ಅಣ್ಣನ ಮೋರೆ ನೋಡಿದೊಡನೆ ಬಂದದ್ದು ಬೇರೆ ಮಾತು. "ಬದುಕಿದ್ದಾಗ ನೀ ಎಷ್ಟ ಫೋಟೋ ತೆಗಿಸಿದ್ದಿ ಹೇಳು ಅಪ್ಪಂದು?"

ಅಮಸಿದ್ದಪ್ಪ ಕೈ ಎತ್ತಿದ. ಅಷ್ಟರಲ್ಲಿ ಒಳಗಿನಿಂದ ಅವ್ವನ ದನಿ ಬಂತು. ಬೋರವ್ವನ ಕಣ್ಣಿಗೆ ಪೊರೆ ಬಂದು ಹೊಸ್ತಿಲಾಚೆಯದು ಕಾಣುತ್ತಿರಲಿಲ್ಲ.

"ಹುಲ್ಲ್ಯಾ ಬಂದಾನೇನು? ಬಂತೇನೋ ನಿಮ್ಮಪ್ಪನ ಫೋಟೋ? ಮಾನಮಿ ಅಮಾಸಿಗೆ ಹಿರೇರಿಗೆ ಎಡಿ ಹಿಡಿಬೇಕು, ಅದರ ಮುಂದ."

ಅಮಸಿದ್ದಪ್ಪ ಎತ್ತಿದ ಕೈ ಇಳಿಸಿದ. "ಬರತೈತಿ ಬೇ," ಎಂದು ಕೂಗಿ ಹೇಳಿದ. "ತೊಳ್ಯಾಕ ಕೊಟ್ಟಾನಂತ."

ಆಮೇಲೆ ಅವನು ತಮ್ಮನ ರಟ್ಟೆ ಹಿಡಿದು ಕುರಿ ಹಟ್ಟಿಯ ಹಿಂದಕ್ಕೆ ಎಳೆದೊಯ್ದ. "ಹೊಸಾ ರೀಲ ತಗೊಂಡ ನಾಳೆ ಬಾ. ನಾ ಕುಂದರತೇನಿ."

"ನೀ ಯಾಕ?"

"ನನ್ನ ಮಾರಿ ಯಾರ ಮಾರಿ ಐತಿ ಅನ್ನೂದು ಊರಿಗೆಲ್ಲಾ ಗೊತ್ತೈತಿ. ನಿನಗ ಗೊತ್ತಿಲ್ಲೇನು?"

ಮರುದಿನ ಹೆಂಡತಿ ಮಾಯವ್ವ ಹೊಲಕ್ಕೆ ಹೋದ ಹೊತ್ತು ನೋಡಿ ಅಮಸಿದ್ದಪ್ಪ ಅಪ್ಪನ ಪಟಕ ಸುತ್ತಿಕೊಂಡ. ಅಪ್ಪನ ಕಂಬಳಿ ಹೊದ್ದ, ಭಂಡಾರ ಬಳಿದುಕೊಂಡ, ಮೀಸೆಗೆ ವಿಭೂತಿ ತಿಕ್ಕಿ ಬೆಳ್ಳಗೆ ಮಾಡಿಕೊಂಡು ಹಟ್ಟಿಯ ಹಿಂದೆ ಕಲ್ಲಿನ ಮೇಲೆ ಕೂತ. ಹುಲ್ಲಪ್ಪ ಕ್ಯಾಮೆರಾದೊಳಗೆ ಇಣುಕಿದ. ಅಪ್ಪನೇ ಎದ್ದು ಬಂದಿದ್ದ. ಕಣ್ಣು ಮಾತ್ರ ಅಪ್ಪನದಾಗಿರಲಿಲ್ಲ. ಅಪ್ಪ ಈ ಡಬ್ಬಿಯ ಕಡೆ ಕೂಸಿನ ಹಾಗೆ ಬೆರಗಾಗಿ ನೋಡಿದ್ದ.

"ಅಣ್ಣಾ, ಮಾರಿ ಸ್ವಲ್ಪ ಸಡಿಲ ಬಿಡು."

"ನಿನ್ನ ಮಾರಿ ನೋಡಿಕೋತ ನಗಬೇಕೇನು? ಹೊಡಿ, ಸುಮ್ನ."

ಹೊಡೆದ. ಈ ಸಲ ರೀಲಿನ ತಪ್ಪು ಹೇಳುವ ಹಾಗಿರಲಿಲ್ಲ. ಹಣೆಯ ಗೆರೆ, ಕಂಬಳಿಯ ಎಳೆ ಎಲ್ಲ ಎಣಿಸುವಷ್ಟು ಸ್ವಚ್ಛವಾಗಿ ಬಂದಿತ್ತು. ಖಾದರಬಾಷಾ ಫೋಟೋವನ್ನೂ ಹುಲ್ಲಪ್ಪನನ್ನೂ ನೋಡಿದ. "ಸತ್ತಾಂವ ಹೊಸಾ ರೀಲಿನ್ಯಾಗ ಹೆಂಗ ಬಂದಾ?" ಎಂದ. ಹುಲ್ಲಪ್ಪ ಫೋಟೋಕ್ಕೆ ಗಾಜಿನ ಕಟ್ಟು ಹಾಕಿಸಿಕೊಂಡು ಎದ್ದು ಬಂದ.

ಅಮಾವಾಸ್ಯೆಯ ದಿನ ಒಳಮನೆಯ ಗೋಡೆಗೆ ಮಣೆ ಹಾಕಿ, ಮುತ್ತಪ್ಪನ ಧೋತರ ಮಡಚಿಟ್ಟು, ಅದರ ಮೇಲೆ ಫೋಟೋ ಇಟ್ಟರು. ಎಡೆ ಏರಿಸುವ ತನಕ ಮನೆಯಲ್ಲಿ ಯಾರೂ ಬಾಯಿಗೆ ತುತ್ತು ಇಡುವಂತಿರಲಿಲ್ಲ. ಮಾಯವ್ವ ಹೋಳಿಗೆಯ ತಾಟು ಹಿಡಿದು ಒಳಗೆ ಹೋದವಳು ಹೋದ ಹೆಜ್ಜೆಯಲ್ಲೇ ತಿರುಗಿ ಪಡಸಾಲೆಗೆ ಬಂದಳು. ತಾಟನ್ನು ದಬಕ್ಕನೆ ನೆಲಕ್ಕಿಟ್ಟಳು. ಹುಲ್ಲಪ್ಪನ ಎದುರು ನಿಂತು ಹಲ್ಲು ಕಚ್ಚಿ ಮಾತಾಡಿದಳು.

"ಅದು ಮಾವನ ಮಾರಿ ಅಲ್ಲ. ಇಷ್ಟ ವರ್ಸ ಸಂಸಾರ ಮಾಡೇನಿ, ನನಗ ತಿಳಿಯಂಗಿಲ್ಲೇನು? ಜೀವಂತ ಇರೂ ನನ್ನ ಗಂಡಗ ಹಾರ ಹಾಕಾಕ ಹೊಂಟೀಯೇನೋ ಬಾಡ್ಯಾ? ನನ್ನ ಕುಂಕುಮ ಅಳಸಾಕ ಇಳಕಲ್ಲಿನಿಂದ ಬಂದೀಯೇನು?"

"ಅತ್ತಿಗೀ, ನಾ ಹೇಳಿಲ್ಲ, ಅಣ್ಣನ..."

"ಸುಮ್ನಿರ್ರಿ ಇಬ್ಬರೂ," ಎಂದ ಅಮಸಿದ್ದಪ್ಪ. "ಅವ್ವಗ ಕೇಳತೈತಿ."

"ಕೇಳ್ಲಿ! ನಾ ಎಡಿ ಹಿಡಿಯಾಕಿ ಅಲ್ಲ. ಆ ಹೋಳಿಗಿ ನಾ ತಿನ್ನಾಕಿನೂ ಅಲ್ಲ." ಮಾಯವ್ವ ಸೆರಗಿನಿಂದ ಬಾಯಿ ಒತ್ತಿಕೊಂಡು ಹಟ್ಟಿಯ ಕಡೆ ನಡೆದುಬಿಟ್ಟಳು.

ಒಳಗಿನಿಂದ ಬೋರವ್ವ ಕರೆದಳು. "ಹಿರ್ಯಾ, ಬಾರೋ. ಹಾರ ಹಿರೀಮಗಾನ ಹಾಕಬೇಕು."

ಅಮಸಿದ್ದಪ್ಪ ಹೋದ. ಸೇವಂತಿಗೆಯ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ತನ್ನ ಮುಖವನ್ನೇ ನೋಡಿದ. ಹಾಕಿದ. ಅಡ್ಡ ಬಿದ್ದ. ಬೋರವ್ವ ತಡವರಿಸಿ ಫೋಟೋ ಎತ್ತಿಕೊಂಡು, ಗಾಜು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಬಹಳ ಹೊತ್ತು ನೋಡಿದಳು.

"ಯಾಕ ಹಿಂಗ ಸಿಟ್ಟಿಲೆ ನೋಡತಿ?" ಎಂದಳು. "ಕಡೀ ದಿವಸ ನೀರು ಕೇಳಿದಿ, ನನಗ ಕಿವಿಗೆ ಬೀಳಲಿಲ್ಲ ನೋಡು. ಅದಕೇನು?"

ಹುಲ್ಲಪ್ಪ ಬಾಗಿಲಲ್ಲಿ ನಿಂತಿದ್ದ. ಅವ್ವಾ, ಆ ಸಿಟ್ಟು ನನ್ನ ಮೇಲಿಂದು ಎಂದು ಕೂಗಿ ಹೇಳಬೇಕೆನಿಸಿತು. ಅಣ್ಣನ ಮುಖ ನೋಡಿದ, ಅವನಾದರೂ ಏನಾದರೂ ಹೇಳಿಯಾನು ಎಂದು. ಅಮಸಿದ್ದಪ್ಪ ಎದ್ದು ಬಂದು ಅವನ ಕಿವಿಯ ಹತ್ತಿರ ಬಾಗಿದ.

"ನಾ ಸತ್ತಾಗ ನೀ ಬರಬ್ಯಾಡ," ಎಂದ. "ನಂದು ಇವತ್ತ ಮುಗೀತು."

ಹೊಸ್ತಿಲ ಮೇಲೆ ಹುಲ್ಲಪ್ಪನ ಕಾಲು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಬೋರವ್ವ ತಾಟು ತಾ ಎಂದು ಯಾರನ್ನೋ ಕರೆದಳು. ಯಾರೂ ಬರದಿದ್ದಾಗ ತಾನೇ ಗೋಡೆ ಹಿಡಿದು ಪಡಸಾಲೆಗೆ ಬಂದು, ನೆಲ ಸವರಿ ತಾಟು ಹುಡುಕಿ ಒಯ್ದಳು. ಫೋಟೋದ ಮುಂದೆ ಕೂತು ಹೋಳಿಗೆಯ ಮೇಲೆ ತುಪ್ಪ ಸುರಿದಳು, ಒಂದು ತುಂಡು ಮುರಿದು ಗಾಜಿನ ಮೇಲಿನ ತುಟಿಗೆ ಹಿಡಿದಳು.

"ಉಣ್ಣು," ಎಂದಳು. "ಸಿಟ್ಟ ಬಿಟ್ಟ ಉಣ್ಣು. ಹಸದಿದ್ದಿ."

ತುಪ್ಪ ಗಾಜಿನ ಮೇಲಿಂದ ಗದ್ದಕ್ಕೆ ಇಳಿಯಿತು. ಮುಂಜಾನೆಯಿಂದ ಏನೂ ತಿಂದಿರದ ಅಮಸಿದ್ದಪ್ಪ ಬಾಗಿಲ ಚೌಕಟ್ಟಿಗೆ ಆನಿಕೊಂಡು ಅದನ್ನೇ ನೋಡುತ್ತ ನಿಂತಿದ್ದ.