ಆಲ್ತಾರಿನ ಹಿಂದಿನ ಡಬ್ಬಿ

ಮನೆಯ ಪ್ರಾರ್ಥನಾ ಪೀಠವಾದ ಆಲ್ತಾರಿನ ಮೇಲಿದ್ದ ಮಾತೆ ಮರಿಯಮ್ಮನವರ ಪ್ರತಿಮೆಯ ಹಿಂದೆ ಕೈ ಹಾಕಿದ ಗ್ಲ್ಯಾಡಿಸ್‌ಗೆ ಬರೀ ಗೋಡೆ ಸಿಕ್ಕಿತು. ಡಬ್ಬಿ ಇರಲಿಲ್ಲ. ಹೊರಗೆ ಚಪ್ಪರದಲ್ಲಿ ಹೆಂಗಸರು ಮದುವೆ ಹಾಡು ಶುರುಮಾಡಿದ್ದರು. ನಾಳೆ ಮಗಳು ಶೆರಿಲ್‌ಳ ಮದುವೆ. ಇವತ್ತು ಅವಳಿಗೆ ಎಣ್ಣೆ, ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ. ಜೆಪ್ಪುವಿನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆ ಹಳೆಯ ಚಾಕಲೇಟ್ ಡಬ್ಬಿಯಲ್ಲಿದ್ದದ್ದು ಗಂಡ ಮ್ಯಾಕ್ಸಿಮ್‌ನ ಮಾತ್ರೆಗಳು. ಎರಡು ತಿಂಗಳ ಹಿಂದೆ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಮಾತ್ರೆ ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟೀತು ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು. ಆದರೆ ವಿಷಯ ತಿಳಿದರೆ ಗಂಡಿನ ಕಡೆಯವರು ಹಿಂದೆ ಸರಿದಾರೆಂದು ಮ್ಯಾಕ್ಸಿಮ್‌ಗೆ ಭಯ. ಆಸ್ಪತ್ರೆಯ ದಿನಗಳನ್ನು ವೇಳಾಂಕಣಿ ಯಾತ್ರೆ ಎಂದು ಹೇಳಿದ್ದಾಯಿತು. ಗುಟ್ಟು ಮನೆಯ ಮೂವರಲ್ಲೇ ಉಳಿಯಿತು. ಬೆಳಿಗ್ಗೆ, ರಾತ್ರಿ ಪ್ರಾರ್ಥನೆಗೆ ಮೊಂಬತ್ತಿ ಹಚ್ಚುವ ನೆಪದಲ್ಲಿ ಅವನು ಮಾತ್ರೆ ನುಂಗುತ್ತಿದ್ದ. ನೆಂಟರು ತುಂಬಿದ ಮೇಲೆ ಗ್ಲ್ಯಾಡಿಸ್ ಕಣ್ಣಲ್ಲೇ ಆಯಿತಾ ಎಂದು ಕೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ.

ಈ ಸಂಬಂಧ ಕುದುರಿಸಿದವಳು ದುಬೈನಿಂದ ಬಂದಿದ್ದ ಮ್ಯಾಕ್ಸಿಮ್‌ನ ಅಕ್ಕ ಬರ್ನಡೆಟ್. ಅವಳ ಕಿವಿಗೆ ಬಿದ್ದ ಸುದ್ದಿಯನ್ನು ಊರಿಗೆ ಸಾರಲು ಇಗರ್ಜಿಯ ಗಂಟೆ ಬೇರೆ ಬೇಕಾಗಿರಲಿಲ್ಲ. ಗ್ಲ್ಯಾಡಿಸ್ ಏನೂ ಆಗದವಳಂತೆ ಅವಳಲ್ಲಿ ಡಬ್ಬಿಯ ವಿಚಾರ ಕೇಳಿದಳು.

"ಆ ಚಾಕಲೇಟ್ ಡಬ್ಬಿಯಾ? ಬಂದ ದಿನವೇ ಆಲ್ತಾರ್ ಸಿಂಗಾರ ಮಾಡುವಾಗ ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಚಿನ್ನ ಗಿನ್ನ ಉಂಟೋ ಅಂತ."

ಅವಳು ಬಂದು ನಾಲ್ಕು ದಿನವಾಗಿತ್ತು. ಹಾಗಾದರೆ ಇಷ್ಟು ದಿನ ಈ ಹಠಮಾರಿ ಗಂಡ ತಲೆಯಾಡಿಸಿದ್ದು ಸುಳ್ಳೇ? ಡಬ್ಬಿ ಕೇಳಿದರೆ ಗುಟ್ಟು ರಟ್ಟಾದೀತೆಂದು ಸುಮ್ಮನಿದ್ದುಬಿಟ್ಟಿದ್ದ. ಒಮ್ಮೆಯಾದರೂ ತಾನು ಕೈ ಹಾಕಿ ನೋಡಬಾರದಿತ್ತೇ ಎಂದು ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಬೀಗ ತೆಗೆಸಿ, ಮಾತ್ರೆ ಹಿಡಿದು ಚಪ್ಪರಕ್ಕೆ ಓಡಿದಳು. ತಂಪು ಗಾಳಿ ಬೀಸುತ್ತಿದ್ದರೂ ಮ್ಯಾಕ್ಸಿಮ್‌ನ ಹೊಸ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅವನು ಎಡಭುಜ ಒತ್ತಿಕೊಳ್ಳುತ್ತಿದ್ದ.

"ಮದುವೆ ಮುಗೀಲಿ," ಎಂದ ಪಿಸುದನಿಯಲ್ಲಿ. "ನಾಳೆ ರಾತ್ರಿಯಿಂದ ತೆಗೊಳ್ತೇನೆ."

"ಈಗಲೇ ತೆಗೊಳ್ಳಿ. ಹಾರ್ಟಿನ ಮಾತ್ರೆ ಇದು."

ಅವಳು ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ಹಾಡು ನಿಂತಿತು. ಬರ್ನಡೆಟ್‌ಳ ಕೈಯ ತೆಂಗಿನ ಹಾಲು ತುಳುಕಿತು. ಗ್ಲ್ಯಾಡಿಸ್ ತನ್ನ ತಮ್ಮ ಲಯನೆಲ್‌ನನ್ನು ಕರೆದು, ಆಸ್ಪತ್ರೆಗೆ ಹೋಗಬೇಕು, ಕಾರು ತೆಗೆ ಎಂದಳು.

ಮ್ಯಾಕ್ಸಿಮ್ ಮಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿದ. "ಮೊದಲು ಮಗಳಿಗೆ ಎಣ್ಣೆ ಹಚ್ಚುತ್ತೇನೆ," ಎಂದು ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿದ.

ಶಿಲುಬೆಯ ಗುರುತಿಗಾಗಿ ಶೆರಿಲ್ ಕಣ್ಣು ಮುಚ್ಚಿ ಮುಖವೆತ್ತಿದಳು. ಅಪ್ಪನ ಬೆರಳು ಅವಳ ಹಣೆಯ ಮೇಲಿನಿಂದ ಕೆಳಗೆ ಎಣ್ಣೆಯ ಒಂದು ಗೆರೆ ಎಳೆದು ಜಾರಿಹೋಯಿತು. ಅಡ್ಡಗೆರೆಗಾಗಿ ಅವಳು ಕಣ್ಣು ತೆರೆಯದೆ ಕಾದಳು.